ವಿಭೂತಿ ಹಚ್ಚಿಸಿಕೊಂಡ ನಳ

ಇಳಕಲ್ಲಿನ ಬೋರಿನ ನೀರು ಎಂಥದ್ದೆಂದು ಇಳಕಲ್ಲಿನವರಿಗೆ ಹೇಳಬೇಕಾಗಿಲ್ಲ. ಬಕೆಟ್ಟಿನ ಅಂಚಿಗೆ ಬಿಳಿ ಪಟ್ಟಿ ಕಟ್ಟುತ್ತದೆ, ನಳ ಬಿಗಿದು ಕೂರುತ್ತದೆ. ಗಟ್ಟಿ ಕೈಯವರೇ ಹಲ್ಲು ಕಚ್ಚಿ ತಿರುವಬೇಕು. ಇನ್ನು ಲಗಮವ್ವನ ಪಾಡೇನು? ಆಯುಷ್ಯವೆಲ್ಲ ಮಗ್ಗದ ಮುಂದೆ ಕೂತು ಸೀರೆ ನೇಯ್ದ ಕೈ ಅದು. ಈಗ ವಾತ ಹಿಡಿದು ಬೆರಳು ಮಡಚಿಕೊಂಡಿವೆ. ನಳ ತಿರುವಲಿಕ್ಕೆ ಆಗುವುದಿಲ್ಲ, ತಂಬಿಗೆ ಎತ್ತಲಿಕ್ಕೂ ಆಗುವುದಿಲ್ಲ. ಕೈ ತೊಳೆಯಬೇಕೆಂದರೆ ಸೊಸೆ ಕಸ್ತೂರಿಯನ್ನು ಕರೆಯಬೇಕು. ಕಸ್ತೂರಿಯೋ ಬೆಳಿಗ್ಗೆ ಸೀರೆ ಅಂಗಡಿಯ ಕೆಲಸಕ್ಕೆ ಹೋದರೆ ಬರುವುದು ಮಧ್ಯಾಹ್ನ.

ಹೀಗಿರುವಾಗ ಪಕ್ಕದ ಮನೆಯ ತಬಸುಮ್ ಹೊಸ ನಳ ಹಾಕಿಸಿದಳು. ಮುಟ್ಟುವ ಹಾಗಿಲ್ಲ, ತಿರುವುವ ಹಾಗಿಲ್ಲ. ಕೆಳಗೆ ಕೈ ಒಡ್ಡಿದರೆ ನೀರು ಬರುತ್ತದೆ, ಕೈ ತೆಗೆದರೆ ನಿಲ್ಲುತ್ತದೆ. ಅದರ ಮೂತಿಯ ಕೆಳಗೆ ಬಟ್ಟೆಯ ಗುಂಡಿಯಷ್ಟು ಕರಿ ಗಾಜಿದೆ. ಅದೇ ಅದರ ಕಣ್ಣು, ಅಂಗಡಿಯವರ ಮಾತಿನಲ್ಲಿ ಸೆನ್ಸರು. ಲಗಮವ್ವ ದಿನವೂ ಊಟಕ್ಕೆ ಮುಂಚೆ ಅಲ್ಲಿಗೆ ಹೋಗಿ ಕೈ ತೊಳೆದು, ತಬಸುಮ್ ಕೊಟ್ಟ ಚಹಾ ಕುಡಿದು ಬರತೊಡಗಿದಳು. ಬಂದವಳು ಸುಮ್ಮನಿರುತ್ತಾಳೆಯೇ? ನಳ ಹಾಗಿದೆ, ತಬಸುಮ್ ಹೀಗಿದ್ದಾಳೆ ಎಂದು ಸಂಜೆತನಕ ಹೊಗಳುವಳು.

ಕಸ್ತೂರಿಗೆ ಹೊಟ್ಟೆ ಉರಿಯಿತು. ತನ್ನ ಅತ್ತೆ ಕಂಡವರ ಮನೆಯಲ್ಲಿ ಕೈ ತೊಳೆಯುವುದೆಂದರೇನು? ಆ ಹೊಗಳಿಕೆಯಲ್ಲಿ ಒಂದು ಪಾಲಾದರೂ ತನಗೆ ಬೇಡವೇ? ಗಂಡ ದೀಪಕನ ಬೆನ್ನು ಹತ್ತಿ, ತಬಸುಮಳ ನಳಕ್ಕಿಂತ ಹೆಚ್ಚು ಹೊಳೆಯುವ ನಳವನ್ನೇ ತರಿಸಿದಳು. ಲಗಮವ್ವ ಕೈ ಒಡ್ಡಿದಳು, ನೀರು ಬಂತು, ಮುದುಕಿ ನಕ್ಕಳು. ಪಕ್ಕದ ಮನೆಗೆ ಹೋಗುವುದು ನಿಂತಿತು. ಕಸ್ತೂರಿ ಬೇಕೆಂತಲೇ ಬಾಗಿಲು ತೆರೆದಿಟ್ಟು ಪಾತ್ರೆ ತೊಳೆದಳು, ಪಕ್ಕದವಳು ನೋಡಲಿ ಎಂದು.

ದೀಪಾವಳಿ ಬಂತು. ನೀರು ತುಂಬುವ ದಿನ ಹಂಡೆ, ಕೊಡ ಎಲ್ಲವನ್ನೂ ತಿಕ್ಕಿ ವಿಭೂತಿ ಹಚ್ಚುವುದು ನಮ್ಮಲ್ಲಿ ಇದ್ದದ್ದೇ. ಕಸ್ತೂರಿ ಹೊಸ ನಳವನ್ನು ಬಿಟ್ಟಾಳೆಯೇ? ಪಾತ್ರೆ ತಿಕ್ಕುವ ಸ್ಟೀಲ್ ಜುಂಗಿನಿಂದ ಗಸಗಸ ತಿಕ್ಕಿ, ಅಡ್ಡ ವಿಭೂತಿ ಎಳೆದು, ಕುಂಕುಮ ಇಟ್ಟಳು. ನಳ ಒಮ್ಮೆ ತನ್ನಷ್ಟಕ್ಕೆ ತಾನೇ ಭರ್ರೆಂದು ಸುರಿದು ನಿಂತಿತು. ಆಮೇಲೆ ಕೈ ಒಡ್ಡಿದರೂ ಹನಿ ನೀರಿಲ್ಲ.

ಹಬ್ಬದ ವಿಭೂತಿ ಒರೆಸುವ ಹಾಗಿಲ್ಲವಲ್ಲ, ಅದನ್ನು ಯಾರೂ ಮುಟ್ಟಲಿಲ್ಲ. ನಳದ ಸೆಲ್ಲು ಮುಗಿದಿರಬೇಕೆಂದು ದೀಪಕ ಟಿವಿ ರಿಮೋಟಿನ ಹಳೇ ಸೆಲ್ಲನ್ನು ಹೊಸ ಸೆಲ್ಲಿನ ಜೊತೆ ಸೇರಿಸಿ ಹಾಕಿ ನೋಡಿದ, ಆಗಲಿಲ್ಲ. ನಳ ಕೊಟ್ಟ ಅಂಗಡಿಗೆ ಹಬ್ಬದ ಬೀಗ. ಕಸ್ತೂರಿಗೆ ಮಾತ್ರ ಕಾರಣ ಗೊತ್ತೇ ಇತ್ತು: ತಬಸುಮಳ ದೃಷ್ಟಿ ತಾಗಿದೆ. ನಳದ ಕೊರಳಿಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿ ಅತ್ತೆಗೆ ಕಟ್ಟಪ್ಪಣೆ ಮಾಡಿದಳು.

"ಅತ್ತಿ, ಇನ್ನ ಮ್ಯಾಲ ಆ ಮನಿಗಿ ಕೈ ತೊಳಿಯಾಕ ಹೋಗಬ್ಯಾಡ್ರಿ. ನಾ ಬಂದು ನೀರು ಹಾಕ್ತೇನಿ."

ಹಬ್ಬ ಮುಗಿದು ಸೀರೆ ಅಂಗಡಿ ತೆರೆದ ದಿನ ಗಿರಾಕಿ ಭಾಳ. ಕಸ್ತೂರಿ ಬರುವಷ್ಟರಲ್ಲಿ ಹೊತ್ತು ಇಳಿದಿತ್ತು. ನೋಡಿದರೆ ಮುಚ್ಚಿಟ್ಟ ರೊಟ್ಟಿ ಮುಚ್ಚಿಟ್ಟ ಹಾಗೇ ಇದೆ. ಯಾಕೆ ಉಣ್ಣಲಿಲ್ಲ ಎಂದು ಕೇಳಿದಳು.

"ಬಯಲಕಡಿಗಿ ಹೋಗಿ ಬಂದೇನವ್ವ," ಎಂದಳು ಲಗಮವ್ವ. "ಆ ಕೈ ಬಕೀಟಿನ್ಯಾಗ ಅದ್ದಿದ್ರ ಎಲ್ಲಾರ ನೀರೂ ಹೊಲಸ. ತೊಳೀದ ಹೆಂಗ ಉಣ್ಲಿ? ನೀ ಹೋಗಬ್ಯಾಡ ಅಂದಿದ್ದಿ."

ಮುದುಕಿ ಕೈಯನ್ನು ಮೈಯಿಂದ ದೂರ ಹಿಡಿದುಕೊಂಡೇ ಕೂತಿದ್ದಳು. ಕಸ್ತೂರಿಗೆ ನಾಚಿಕೆಯಾಯಿತು. ಅತ್ತೆಯ ಕೈ ತೊಳೆಸಿ, ಊಟಕ್ಕೆ ಕೂರಿಸಿ, ತಾನೇ ಪಕ್ಕದ ಮನೆಗೆ ಹೋದಳು. ಆ ನಾಲ್ಕು ಹೆಜ್ಜೆ ಹುನಗುಂದಕ್ಕೆ ನಡೆದಷ್ಟು ದೂರವೆನಿಸಿತು.

ತಬಸುಮ್ ಬಂದು ನಳ ನೋಡಿದಳು.

"ಕಣ್ಣಿನ ಮ್ಯಾಲ ವಿಭೂತಿ ಬಳದೀಯಲ್ಲ ಕಸ್ತೂರಿ, ಅದಕ್ಕ ಕೈ ಹೆಂಗ ಕಾಣಬೇಕು? ಪೂಜಿ ಮಾಡು, ಬ್ಯಾಡ ಅನ್ನಂಗಿಲ್ಲ. ವಿಭೂತಿ ಹಿಂದ ಹಚ್ಚು, ಕಣ್ಣಿಗಿ ಹಚ್ಚಬ್ಯಾಡ."

ಅವಳ ಮನೆಯಲ್ಲೂ ಗೋಡೆಗೆ ಸುಣ್ಣ ಬಳಿದಾಗ ಹನಿ ಸಿಡಿದು ಹೀಗೇ ಆಗಿತ್ತಂತೆ. ನಳದ ಕೆಲಸದ ಬೀರೇಶ ಬಂದು ಎಲ್ಲ ತಿಳಿಸಿಕೊಟ್ಟಿದ್ದ. ಅವಳು ಮೆತ್ತನೆಯ ಒದ್ದೆ ಬಟ್ಟೆಯಿಂದ ಕಣ್ಣು ಒರೆಸಿ, ಒಣ ಬಟ್ಟೆಯಿಂದ ಇನ್ನೊಮ್ಮೆ ಒರೆಸಿದಳು. ಜುಂಗು, ಬೂದಿ ತಾಗಿದರೆ ಗಾಜಿಗೆ ಗೀರು ಬೀಳುತ್ತದೆ, ನಳ ಕುರುಡಾಗುತ್ತದೆ ಎಂದಳು. ಹಳೇ ಸೆಲ್ಲು ತೆಗೆಸಿ ಎಲ್ಲವನ್ನೂ ಹೊಸದೇ ಹಾಕಿಸಿದಳು. ನೀರು ಬಂತು, ಆದರೆ ನೂಲಿನಷ್ಟು ಸಣ್ಣಗೆ. ಕೆಳಗಿನ ವಾಲ್ವು ಬಂದ್ ಮಾಡಿ ನಳದ ಮೂತಿಯ ಜಾಲರಿ ಬಿಚ್ಚಿದರೆ ಬೋರಿನ ನೀರಿನ ಉಪ್ಪು ಕಲ್ಲಾಗಿ ಕೂತಿತ್ತು. ಬೆಚ್ಚಗಿನ ನೀರಿಗೆ ನಿಂಬೆ ಹಿಂಡಿ ನೆನೆಸಬೇಕು, ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಬೇಕು ಎಂದಳು. ಕಸ್ತೂರಿ ಗಡಿಬಿಡಿಯಲ್ಲಿ ನಳಕ್ಕೆ ಕಟ್ಟಿದ್ದ ನಿಂಬೆಗೇ ಕೈ ಹಾಕಿದಳು.

"ಅದು ಬ್ಯಾಡವಾ," ಎಂದಳು ತಬಸುಮ್, "ಅದು ನನ್ನ ದೃಷ್ಟಿ ನುಂಗೇತಿ. ಬ್ಯಾರೇದು ತಾ."

ಕಸ್ತೂರಿ ತಲೆ ತಗ್ಗಿಸಿದಳು. ತಬಸುಮ್ ನಗಲಿಲ್ಲ.

"ಖರೆ ಹೇಳ್ತೇನಿ. ನಿಮ್ಮ ನಳ ನಿಂತಿದ್ದು ನನಗ ಆವತ್ತ ಗೊತ್ತಾತು, ಕಾರಣಾನೂ ಅಂದಾಜ ಇತ್ತು. ಬೇಕಂತ ಸುಮ್ಮನಿದ್ದೆ. ನಿಮ್ಮನಿಗಿ ನಳ ಬಂದ ಮ್ಯಾಲ ಯವ್ವ ನನ್ನ ಕಡಿ ಬರೋದ ಬಿಟ್ಳು. ಇಡೀ ದಿನ ಮನ್ಯಾಗ ಒಬ್ಬಾಕಿ ಇರ್ತೇನಿ. ನಿನಗ ಅತ್ತಿ ಅದಾರ, ನನಗ ಯಾರದಾರ ಅಂತ ಹೊಟ್ಟಿ ಉರೀತು. ಯವ್ವ ಉಪಾಸ ಕೂತಾಳ ಅಂತ ಗೊತ್ತಿದ್ರ ಹಂಗ ಮಾಡ್ತಿರಲಿಲ್ಲ."

ಇಬ್ಬರೂ ಜಾಲರಿ ತಿಕ್ಕಿ ಕೂರಿಸಿದರು. ಲಗಮವ್ವ ಊಟ ಮುಗಿಸಿ ಬಂದು ಎಂಜಲು ಕೈ ಒಡ್ಡಿದಳು. ನೀರು ತುಂಬಿ ಬಂತು.

"ಇನ್ನ ಕೈ ಇಲ್ಲೇ ತೊಳೀತೇನಿ," ಎಂದಳು, "ಚಾ ಮಾತ್ರ ತಬಸುಮನ ಮನ್ಯಾಗ."

ಈ ಸಲ ಕಸ್ತೂರಿ ಬೇಡ ಎನ್ನಲಿಲ್ಲ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಇಂಥ ನಳವಿದ್ದರೆ ಅದರ ಕಣ್ಣನ್ನು ಮೆತ್ತನೆಯ ಬಟ್ಟೆಯಿಂದ ಆಗಾಗ ಒರೆಸಿ. ತಿಂಗಳಿಗೊಮ್ಮೆ ಜಾಲರಿ ತೊಳೆಯಿರಿ. ಸೆಲ್ಲು ಮುಗಿಯುತ್ತ ಬಂದು ಕಣ್ಣಿನಲ್ಲಿ ಕೆಂಪು ದೀಪ ಮಿಣುಕಿದರೆ ಎಲ್ಲ ಸೆಲ್ಲುಗಳನ್ನೂ ಒಟ್ಟಿಗೆ ಬದಲಿಸಿ. ಊರಿಗೆ ಹೋಗುವಾಗ ಕೆಳಗಿನ ವಾಲ್ವು ಬಂದ್ ಮಾಡಿ. ಪಕ್ಕದ ಮನೆಯ ನಳ ನಿಂತಿದೆ ಎಂದು ಕೇಳಿದರೆ, ಅವರ ಮೇಲೆ ಎಷ್ಟೇ ಸಿಟ್ಟಿರಲಿ, ನಿಮಗೆ ಗೊತ್ತಿದ್ದನ್ನು ಅವತ್ತೇ ಹೋಗಿ ಹೇಳಿ. ಆ ಮನೆಯಲ್ಲಿ ಯಾರೋ ಕೈ ತೊಳೆಯಲಾಗದೆ, ಊಟ ಮುಂದಿಟ್ಟುಕೊಂಡು ಕೂತಿರಬಹುದು.