ಇಪ್ಪತ್ತನೆಯ ಹುಡುಗಿ

ಪ್ರಾಂಶುಪಾಲರಿಗೆ ಬ್ಯಾನರೆಂದರೆ ಪ್ರಾಣ. ಹೈಸ್ಕೂಲು ಮಕ್ಕಳನ್ನು ಕಾಲೇಜಿನತ್ತ ಸೆಳೆಯುವುದು ಹೇಗೆಂದು ಕೇಳಿದರೆ ಅವರಿಗೆ ಹೊಳೆಯುವುದು ಇನ್ನೂ ದೊಡ್ಡ ಬ್ಯಾನರು, ಅಷ್ಟೆ. ಆ ಕೆಲಸ ಹೊತ್ತಿದ್ದ ರಸಾಯನಶಾಸ್ತ್ರದ ಮೇಡಂಗೆ ಬ್ಯಾನರಿನ ಮೇಲೆ ಎಳ್ಳಷ್ಟೂ ನಂಬಿಕೆಯಿರಲಿಲ್ಲ. ಹತ್ತನೆಯ ತರಗತಿ ಮುಗಿಸಿದವರನ್ನು ಕರೆಸಿ ಮೂರು ವಾರ ಶಿಬಿರ ಮಾಡಿ, ಪ್ರಯೋಗಾಲಯದ ಗಾಜಿನ ಸಾಮಾನನ್ನು ಮುಟ್ಟಲು ಬಿಟ್ಟರೆ ಕಾಲೇಜಿನ ಹೆದರಿಕೆ ತಾನಾಗಿಯೇ ಹೋಗುತ್ತದೆ, ಆಮೇಲೆ ಕಾಲೇಜಿಗೂ ಸೇರುತ್ತಾರೆ ಎಂಬುದು ಅವಳ ವಾದ. ಪ್ರಾಂಶುಪಾಲರು ಮೂಗು ಮುರಿಯುತ್ತಲೇ ಒಪ್ಪಿದ್ದರು. ಇಪ್ಪತ್ತು ಮಕ್ಕಳು ಬಂದರೆ ಶಿಬಿರ, ಒಬ್ಬರು ಕಡಿಮೆಯಾದರೂ ಇಲ್ಲ.

ಅರವತ್ತು ಮನೆಗಳಿಗೆ ಪತ್ರ ಹೋಯಿತು. ಹತ್ತೊಂಬತ್ತು ಒಪ್ಪಿಗೆ ಬಂತು. ಕಡೆಯ ದಿನ ಮೇಡಂ ಹೈಸ್ಕೂಲಿಗೆ ಫೋನು ಮಾಡಿದರೆ ಗಣಿತದ ಮೇಷ್ಟ್ರು ರೇಗಿದರು. "ಇಸ್ತ್ರಿ ಅಂಗಡಿಯವಳ ಮಗಳು ಒಪ್ಪಲಿಲ್ವಾ? ಅವಳನ್ನೇ ಬಿಟ್ಟು ಇನ್ಯಾರಿಗ್ರೀ ನಿಮ್ಮ ಶಿಬಿರ?"

ಬರಿಗೈಲಿ ಹೋಗಲು ಸಂಕೋಚವಾಗಿ ಮೇಡಂ ಕುರ್ಚಿಯ ಮೇಲಿದ್ದ ತನ್ನ ಪ್ರಯೋಗಾಲಯದ ಕೋಟನ್ನು ಇಸ್ತ್ರಿಗೆಂದು ಹಿಡಿದು ಹೊರಟಳು. ಅಂಗಡಿಯ ಮೂರು ಗೋಡೆಗೂ ಹಲಗೆ, ಹಲಗೆಯ ತುಂಬ ಬಟ್ಟೆ ಗಂಟು. ಒಂದೊಂದು ಗಂಟಿನ ಮೇಲೂ ಒಂದು ಚೀಟಿ. ಗಿರಾಕಿಯ ಹೆಸರು, ಕೊಡಬೇಕಾದ ದಿನ, ಎಲ್ಲ ದುಂಡಗಿನ ಅಕ್ಷರದಲ್ಲಿ. ಮೇಡಂ ತಾನು ಕಾಲೇಜಿನವಳೆಂದು ಹೇಳಿ ಶಿಬಿರದ ಮಾತೆತ್ತಿದಳು.

"ಪತ್ರ ಬಂತಲ್ಲ ಮೇಡಂ," ಎಂದಳು ತಾಯಿ, ಕೈ ನಿಲ್ಲಿಸದೆ. "ಮಗಳೇ ಓದಿ ಹೇಳಿದ್ಲು. ಸೀಟೆಲ್ಲ ತುಂಬಿದೆಯಂತೆ. ನನಗೆಲ್ಲಿ ಓದೋಕೆ ಬರುತ್ತೆ?"

ಮೇಡಂ ತಬ್ಬಿಬ್ಬಾದಳು. ಆ ಪತ್ರ ಬರೆದವಳೇ ಅವಳು. "ಮಾನ್ಯ ಪೋಷಕರೇ" ಎಂದು ಶುರುಮಾಡುವಾಗ, ಮನೆಯಲ್ಲಿ ಅದನ್ನು ಓದುವವರು ಯಾರೆಂಬ ಯೋಚನೆ ಅವಳ ತಲೆಗೆ ಸುಳಿದೇ ಇರಲಿಲ್ಲ. ಉಳಿದ ಮನೆಗಳಲ್ಲಿ ಇನ್ನೆಷ್ಟು ಮಕ್ಕಳು ತಮ್ಮ ಭಯವನ್ನೇ ಪತ್ರವೆಂದು ಓದಿ ಹೇಳಿದರೋ. ಬ್ಯಾನರನ್ನು ಆಡಿಕೊಂಡವಳಿಗೆ ಈಗ ನಾಚಿಕೆಯಾಯಿತು.

ಅಷ್ಟರಲ್ಲಿ ಮಗಳು ಒಳಗಿನಿಂದ ಗಂಟು ಹೊತ್ತು ಬಂದಳು. ಹಿಂದೆ ಹೈಸ್ಕೂಲಿಗೆ ಬಂದುಹೋಗಿದ್ದ ಮೇಡಂನ ಗುರುತು ಹತ್ತಿದ್ದೇ ಮುಖ ಬಿಳಿಚಿತು. ತಾಯಿಯ ಬೆನ್ನ ಹಿಂದೆ ನಿಂತು, ಬೇಡ ಎಂದು ತಲೆಯಾಡಿಸಿದಳು.

ತಾಯಿ ಗುಂಡಿ, ದಾರದುಂಡೆಗಳ ಡಬ್ಬಿಯಿಂದ ಪತ್ರ ತೆಗೆದಳು. "ಹೇಗೂ ಬಂದಿದ್ದೀರಿ, ಇನ್ನೊಂದ್ಸಲ ಓದಿಬಿಡಿ. ಇವಳು ಅವತ್ತು ಗಡಿಬಿಡೀಲಿ ಓದಿದ್ಲು."

ನಿಜ ಓದಿದರೆ ಹುಡುಗಿ ತಾಯಿಯೆದುರು ಸುಳ್ಳುಗಾತಿಯಾಗುತ್ತಾಳೆ. ಓದದಿದ್ದರೆ ಅವಳ ಕಾಲೇಜು ಇಲ್ಲಿಗೇ ಮುಗಿಯಿತು, ಉಳಿದ ಹತ್ತೊಂಬತ್ತು ಮಕ್ಕಳ ಶಿಬಿರವೂ ಮುಗಿಯಿತು. ಮೇಡಂ ಗಂಟಲು ಸರಿಮಾಡಿಕೊಂಡು ಒಂದಕ್ಷರವೂ ಬಿಡದೆ ಓದಿದಳು. "ನಿಮ್ಮ ಮಗಳಿಗಾಗಿ ಸೀಟು ಕಾದಿರಿಸಿದ್ದೇವೆ" ಎಂಬಲ್ಲಿಗೆ ತಾಯಿ ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿದಳು.

"ನಾನು ಹೋದ್ರೆ ಚೀಟಿ ಯಾರಮ್ಮ ಬರೀತಾರೆ?" ಎಂದಳು ಮಗಳು. "ಇವರ ಬಟ್ಟೆ ಅವರಿಗೆ ಹೋಗುತ್ತೆ. ಎಲ್ಲರೂ ನಿನ್ನನ್ನೇ ಬೈತಾರೆ."

ತಾಯಿ ಬೈಯಲಿಲ್ಲ. "ನಿನಗೆ ಹೋಗೋಕೆ ಇಷ್ಟ ಇದೆಯಾ, ಅಷ್ಟು ಹೇಳು," ಎಂದಳು. ಹುಡುಗಿ ಗಂಟಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ತಾಯಿಗೆ ಅಷ್ಟು ಸಾಕಾಯಿತು.

"ಆ ಕೋಟು ಇಲ್ಲಿ ಕೊಡಿ ಮೇಡಂ. ಶಿಬಿರ ಯಾವತ್ತು?"

"ಸೋಮವಾರ."

"ಸೋಮವಾರ ಇವಳ ಕೈಲೇ ಕಳಿಸ್ತೀನಿ."

ಸೋಮವಾರ ಪ್ರಾಂಶುಪಾಲರು ಬಾಗಿಲಲ್ಲಿ ನಿಂತು ಎರಡೆರಡು ಸಲ ತಲೆ ಎಣಿಸಿ, ಇಪ್ಪತ್ತೇ ಇವೆ ಎಂದು ಖಾತ್ರಿಯಾದ ಮೇಲೆ ಹೊರಟುಹೋದರು. ಹುಡುಗಿ ಕೋಟನ್ನು ಮೇಜಿನ ಮೇಲಿಟ್ಟಳು. ಅದರ ಮೇಲೆ ಚೀಟಿಯಿರಲಿಲ್ಲ. ಗುಂಡಿಯ ತೂತಿಗೆ ಹಸಿರು ದಾರವೊಂದನ್ನು ಬಿಗಿಯಾಗಿ ಗಂಟು ಹಾಕಲಾಗಿತ್ತು.

"ನಾನು ಅಕ್ಷರ ಕಲಿಯೋ ಮುಂಚೆ ಅಮ್ಮ ಹೀಗೇ ಒಬ್ಬೊಬ್ಬರಿಗೆ ಒಂದೊಂದು ಬಣ್ಣದ ದಾರ ಕಟ್ಟಿ ಅಂಗಡಿ ನಡೆಸಿದ್ರಂತೆ," ಎಂದಳು ಹುಡುಗಿ. "ಒಂದು ಬಟ್ಟೇನೂ ಅದಲುಬದಲಾಗಿಲ್ವಂತೆ. ನಿಮ್ಮದು ಹಸಿರು ಮೇಡಂ, ನೆನಪಿಟ್ಕೋಬೇಕಂತೆ."