ಹೊಳೆಗೆ ಉಗುಳದ ಮಾಮಿರ್

ಮಾಮಿರನಲ್ಲಿ ಬುರುಲ್ ಅಜ್ಜಿಗೆ ಒಂದು ತಪ್ಪೂ ಸಿಗುತ್ತಿರಲಿಲ್ಲ. ಅವಳ ಸಂಕಟವೇ ಅದು. ಸತ್ತ ತಂಗಿಯ ಮಗ, ಮಡಿಲಲ್ಲಿಟ್ಟು ಸಾಕಿದವನು, ಇವಳನ್ನೇ ಆಪಾ, ಅಂದರೆ ಅಮ್ಮ, ಎಂದು ಕರೆಯುವವನು. ನೀರಿಗೆ ಕಿವಿಯಿದೆ, ಒಡತಿಯಿದ್ದಾಳೆ ಎಂದು ಕಲಿಸಿದವಳೂ ಇವಳೇ. ಅವನು ಕಲಿತೂ ಕಲಿತ. ಚೋನ್-ಸು ಹೊಳೆಗೆ ಎಂದೂ ಉಗುಳಿದವನಲ್ಲ, ಕೊಳೆಬಟ್ಟೆ ಅದ್ದಿದವನಲ್ಲ. ಮೂತ್ರಕ್ಕೆ ಅವಸರವಾದರೆ ಅಗೆಯುವ ಯಂತ್ರ ನಿಲ್ಲಿಸಿ ಗುಡ್ಡದಾಚೆಗೆ ಓಡುತ್ತಿದ್ದ. ಮರಳಿ ಬಂದು ಅದೇ ಯಂತ್ರದಿಂದ ಹೊಳೆಯ ಹೊಟ್ಟೆ ಬಗೆದು ಲಾರಿಗೆ ಜಲ್ಲಿ ತುಂಬುತ್ತಿದ್ದ. ಯಂತ್ರದಿಂದ ಬಗೆಯಬಾರದೆಂದು ಯಾವ ಹಿರಿಯರೂ ಹೇಳಿರಲಿಲ್ಲ. ಪಾಪ, ಅವರಿಗೇನು ಕನಸು ಬಿದ್ದಿತ್ತೇ?

ಈಗ ಅವನ ಕಣ್ಣು ಊರ ಮೇಲಿನ ಒರತೆಯ ಮೇಲೆ ಬಿದ್ದಿತ್ತು. ಅದು ಬತ್ತಿದರೆ ಊರಿಗೆ ಕುಡಿಯುವ ನೀರಿಲ್ಲ. ಊರಿನ ಹಿರಿಯಳಾದ ಬುರುಲ್ ಹರಸದೆ ಅಲ್ಲಿ ಗುದ್ದಲಿ ತಾಗಿಸುವಂತಿಲ್ಲ, ಹರಸಿದರೆ ಯಾರೂ ತಡೆಯುವಂತಿಲ್ಲ. ಮಾಮಿರ್ ನಿಯಮ ಮೀರುವವನೇ? ಒರತೆಯ ಹತ್ತಿರ ಕುರಿ ಕೊಯ್ಯಿಸಿ ಊರನ್ನೆಲ್ಲ ಊಟಕ್ಕೆ ಕರೆದ.

"ಹರಸಿಬಿಡು ಆಪಾ, ಮಾಂಸ ಆರ್ತಾ ಇದೆ," ಎಂದ.

"ಒರತೆ ಬಗೆದ್ರೆ ನೀರಿನೊಡತಿ ಎಲ್ಲಿಗೆ ಹೋಗ್ಬೇಕೋ?"

"ಅವಳಿಗೇ ಅಲ್ವಾ ಈ ಕುರಿ! ಒಂದು ಹನಿ ರಕ್ತ ನೀರಿಗೆ ಬೀಳದ ಹಾಗೆ ದೂರದಲ್ಲೇ ಕೊಯ್ಸಿದೀನಿ. ನೀನೇ ಹೇಳ್ಕೊಟ್ಟಿದ್ದು."

"ಹೇಳ್ಕೊಟ್ಟೆ ಕಣೋ, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ!"

"ಬೇಗ ಮುಗ್ಸು ತಾಯಿ, ಹೊಟ್ಟೆ ತಾಳ ಹಾಕ್ತಿದೆ," ಎಂದು ಪಕ್ಕದ ಮನೆಯ ಜುಮಾಷ್ ಗೊಣಗಿದ.

ಬುರುಲ್ ಎದ್ದು ಎರಡೂ ಕೈ ಮುಂದೆ ಚಾಚಿದಳು. ಊರೂ ಚಾಚಿತು. ಅವಳಿಗೆ ಅಳು ಒತ್ತರಿಸಿ ಬಂತು. "ಈ ಒರತೆಗೆ ಕೈಹಾಕೋ ಯಂತ್ರ ನಿಂತಲ್ಲೇ ತುಕ್ಕು ಹಿಡೀಲಿ," ಎಂದು ಬಾಯೊಳಗೇ ಮಣಮಣಿಸಿ, ಕೈಗಳನ್ನು ಮಗುಚಿದಳು.

ಅಂಗೈ ಮೇಲ್ಮುಖವಾಗಿದ್ದರೆ ಹರಸಿದಂತೆ, ಕೆಳಮುಖವಾದರೆ ಶಪಿಸಿದಂತೆ. ಇದು ತೊಟ್ಟಿಲ ಕೂಸಿಗೂ ಗೊತ್ತು. ಹಿರಿಯರ ಕೈ ಹೋದತ್ತ ತಮ್ಮ ಕೈಯೂ ಹೋಗಬೇಕೆಂಬುದೂ ಗೊತ್ತು. ಎಲ್ಲರ ಕಣ್ಣೂ ಮಾಂಸದ ಹಂಡೆಯ ಮೇಲಿತ್ತು. ಅಷ್ಟೂ ಕೈಗಳು ಮಗುಚಿಕೊಂಡವು. "ಓಮಿನ್!" ಎಂದು ಊರು ಒಪ್ಪಿತು. ಎಲ್ಲರಿಗಿಂತ ಜೋರಾಗಿ ಕೂಗಿದವನು ಮಾಮಿರ್.

ಆಮೇಲೆ ಅವನು ತನ್ನ ಕೈ ನೋಡಿಕೊಂಡ. ಮುಖ ಬಿಳಿಚಿತು.

"ಆಪಾ! ವಾಪಸ್ ತಗೋ ಇದನ್ನ!"

"ಓಮಿನ್ ಅಂದ್ಮೇಲೆ ಯಾರೋ ವಾಪಸ್ ತಗೊಳ್ಳೋದು? ಅದೂ ನೀನೇ ಅಷ್ಟು ಜೋರಾಗಿ ಅಂದೆ," ಎಂದು ಅಜ್ಜಿ ಒಳ್ಳೆಯ ತುಂಡು ಆರಿಸಿ ಅವನ ಮುಂದಿಟ್ಟಳು. "ಶಾಪ ಒರತೆಗೆ ಕೈಹಾಕೋ ಯಂತ್ರಕ್ಕೆ, ನಿಂಗಲ್ಲ. ತಿನ್ನು ಮಗಾ."

ಒರತೆ ಉಳಿಯಿತು. ಆ ರಾತ್ರಿ ಬುರುಲ್ ಎಷ್ಟೋ ದಿನಗಳ ಮೇಲೆ ನೆಮ್ಮದಿಯಾಗಿ ಮಲಗಿದಳು. ಬೆಳಿಗ್ಗೆ ಅವಳನ್ನು ಎಬ್ಬಿಸಿದ್ದು ಕೆಳಗಿನ ಹೊಳೆಯಿಂದ ಬಂದ ಯಂತ್ರದ ಸದ್ದು. ಎದ್ದುಬಿದ್ದು ಓಡಿ ನೋಡಿದರೆ, ಮಾಮಿರ್ ಹಳೆಯ ಜಾಗದಲ್ಲೇ ಎಂದಿನಂತೆ ಜಲ್ಲಿ ಬಗೆಯುತ್ತಿದ್ದ.

"ಒರತೆ ಕಡೆ ತಲೆನೂ ಹಾಕಲ್ಲ ಆಪಾ, ನಿನ್ನ ಮಾತು ಮಾತೇ!" ಎಂದು ಅಲ್ಲಿಂದಲೇ ಭಕ್ತಿಯಿಂದ ಕೂಗಿದ.

ಶಪಿಸುವಾಗ ಬುರುಲ್ ಹೊಳೆಯ ಹೆಸರು ಹೇಳಲು ಮರೆತಿದ್ದಳು.