ಮನೆಯಲ್ಲಿ ತಪ್ಪು

ಅಂಗನವಾಡಿಯಲ್ಲಿ ನನ್ನ ಮಗಳು ಸುರಕ್ಷಾಳ ತೂಕ ಕಡಿಮೆ ಬಂದ ಮರುದಿನವೇ ಪಂಚಾಯತ್ ಸದಸ್ಯ ಮುಂಡಪ್ಪಣ್ಣ ಕಕ್ಕಿಂಜೆಯ ನಮ್ಮ ಮನೆಗೆ ಬಂದರು. ಮಗುವನ್ನು ಎಲ್ಲಿಗಾದರೂ ಸೇರಿಸಿ ನನ್ನಿಂದ ದೂರ ಮಾಡುತ್ತಾರೇನೋ ಎಂದು ನನಗೆ ಭಯ. ಘಟ್ಟದ ಮೇಲಿನಿಂದ ಮದುವೆಯಾಗಿ ಬಂದ ನನಗೆ ತುಳು ಬಾರದೆಂದು ಅವರು ಕನ್ನಡದಲ್ಲೇ ಕೇಳಿದರು.

“ನಿಮ್ಮಲ್ಲಿ ತಪ್ಪು ಉಂಟಾ?”

“ನಾನೇನೂ ತಪ್ಪು ಮಾಡಿಲ್ಲ. ಅವಳೇ ಸರಿಯಾಗಿ ಉಣ್ಣಲ್ಲ” ಎಂದೆ.

“ಮಾಡುವುದಲ್ಲ ಮಾರಾಯ್ತಿ, ನೆಡುವುದು! ಇಲ್ಲದಿದ್ದರೆ ಪಂಚಾಯತ್‌ನಿಂದ ಕೊಡ್ತೇವೆ.”

ಒಳಗಿದ್ದ ಅತ್ತೆ ನಕ್ಕುಬಿಟ್ಟರು. “ತುಳುವಿನಲ್ಲಿ ತಪ್ಪು ಅಂದ್ರೆ ಸೊಪ್ಪು, ಮಗಾ. ಸಣ್ಣ ಮಕ್ಕಳಿರುವ ಮನೆಗೆಲ್ಲ ಬಸಳೆ ಬಳ್ಳಿ ಹಂಚ್ತಾ ಇದ್ದಾರೆ.”

ಬಳ್ಳಿ ತೆಗೆದುಕೊಂಡೆ. ಆದರೂ ಪುಕ್ಕಟೆ ಕೊಟ್ಟವರು ನಾಳೆ ಏನು ಕೇಳುತ್ತಾರೋ ಎಂದು, ಅವರು ಅಂಗಳ ದಾಟುವ ತನಕ ಸುರಕ್ಷಾಳನ್ನು ಸೊಂಟದಿಂದ ಇಳಿಸಲಿಲ್ಲ.